ತಾತನ ಪಿಕಾಡಿಲಿ ಉಳಿಸಿಕೊಟ್ಟ ಕೋಲಾರದ ಫೋಟೋ ಅಂಗಡಿ

ಹಳೇ ಫೋಟೋ ಸರಿ ಮಾಡಿಸಬೇಕು ಅನ್ನುವವರು ಕೋಲಾರದ ಕ್ಲಾಕ್ ಟವರ್ ಹತ್ತಿರ, ಮಹಡಿ ಮೇಲಿರುವ ಸಣ್ಣ ಫೋಟೋ ಅಂಗಡಿಗೆ ಹೋಗಿ.

ನನ್ನ ಹತ್ತಿರ ಇದ್ದದ್ದು ತಾತನ ಒಂದೇ ಒಂದು ಫೋಟೋ. ಅಂಗೈಯಷ್ಟು ಅಗಲ. ಬಿಳಿ ಅಂಗಿ, ಅಗಲ ನಿಕ್ಕರ್, ಕೈಯಲ್ಲಿ ಸೈಕಲ್. ಹಿಂದೆ ಒಂದು ಬಂಗಲೆ. ಬಲಗಡೆ ಮೂಲೆಗೆ ಬೂಷ್ಟು ಹಿಡಿದಿತ್ತು. ಮೊದಲು ಬೇರೆ ಊರಿನ ಅಂಗಡಿಯೊಂದಕ್ಕೆ ಕೊಟ್ಟಿದ್ದೆ. ಅವರು ಆ ಮೂಲೆಯನ್ನೇ ಅಳಿಸಿ ಗಿಡ ಕೂರಿಸಿದರು, ತಾತನ ಮುಖವನ್ನು ನುಣ್ಣಗೆ ಮಾಡಿದರು. ಅಜ್ಜಿ ನೋಡಿ, "ಯಾರಮ್ಮಾ ಇವರು?" ಅಂದರು. ಆವತ್ತು ಅತ್ತುಬಿಟ್ಟೆ.

ಕೋಲಾರದ ಅಂಗಡಿಯವರು ಮೊದಲು ಕೂರಿಸಿ ಕೇಳಿದರು. ಯಾವ ಊರು, ಯಾವ ಕಾಲ, ಮೀಸೆ ಹೀಗೇ ಇತ್ತಾ? ಗೊತ್ತಿದ್ದದ್ದು ಹೇಳಿದೆ. ತಾತ ಸಿಂಗಪುರದ ಸೆಲೆಟಾರ್‌ನಲ್ಲಿ ಬ್ರಿಟಿಷ್ ವಾಯುಪಡೆಯ ಸ್ಟೋರ್ ಗುಮಾಸ್ತ. 1968ರ ಜನವರಿಯಲ್ಲಿ ಬ್ರಿಟನ್ ತನ್ನ ಸೇನೆ ವಾಪಸ್ ಕರೆಸಿಕೊಳ್ಳುವುದಾಗಿ ಹೇಳಿತು. ಆಗ ಸಿಂಗಪುರದ ಆದಾಯದಲ್ಲಿ ಸುಮಾರು ಐದನೇ ಒಂದು ಭಾಗ ಬ್ರಿಟಿಷ್ ಸೇನೆಯ ಬೇಸ್‌ಗಳಿಂದಲೇ, ಅಂದರೆ ನೆಲೆಗಳಿಂದಲೇ, ಬರುತ್ತಿತ್ತು. ಎಷ್ಟೋ ಜನರ ಜೊತೆ ತಾತನ ಕೆಲಸವೂ ಹೋಯಿತು. ಟ್ರಂಕ್ ಹೊತ್ತು ವೇಮಗಲ್‌ಗೆ ಬಂದರು.

"ಪಿಕಾಡಿಲಿಯಲ್ಲಿ ದಿನಾ ಸೈಕಲ್ ಹೊಡೀತಿದ್ದೆ" ಅಂತ ತಾತ ಹೇಳುತ್ತಿದ್ದರು. ಪಿಕಾಡಿಲಿ ರಸ್ತೆ ಇರೋದು ಲಂಡನ್‌ನಲ್ಲಿ, ಸುಮ್ನೆ ಕಥೆ ಕಟ್ಟುತ್ತಾರೆ ಅಂತ ನೆಂಟರು ನಂಬಲಿಲ್ಲ. ಕೊನೆ ಕೊನೆಗೆ ತಾತ ಆ ಮಾತೇ ಬಿಟ್ಟರು.

ನಾಲ್ಕನೇ ದಿನ ಅಂಗಡಿಯಿಂದ ಫೋನ್. "ಅಕ್ಕಾ, ಕಲೆ ಕೆಳಗೆ ಅಕ್ಷರ ಇದೆ. ನೀವು ನೋಡಿದ ಮೇಲೇ ಕೈ ಹಾಕ್ತೀನಿ." ಓಡಿದೆ. ಸ್ಕ್ಯಾನ್ ದೊಡ್ಡದು ಮಾಡಿ ತೋರಿಸಿದರು. ಕಂಬಕ್ಕೆ ಹೊಡೆದ ಬೋರ್ಡು. ಇಂಗ್ಲಿಷಿನ ಪಿ, ಐ, ಎರಡು ಸಿ, ಎ, ಡಿ. ಮುಂದಕ್ಕೆ ಕಾಗದವೇ ಕಿತ್ತುಹೋಗಿದೆ. ಅಷ್ಟು ಸಾಕಿತ್ತು.

ಮನೆಗೆ ಬಂದು ಓದಿದೆ. 1928ರಲ್ಲಿ ಶುರುವಾದ ಸೆಲೆಟಾರ್ ಬೇಸ್‌ನೊಳಗೆ ಬ್ರಿಟಿಷರು ರಸ್ತೆಗಳಿಗೆ ಲಂಡನ್ ಹೆಸರೇ ಇಟ್ಟಿದ್ದರು. ಪಿಕಾಡಿಲಿ, ಬೇಕರ್ ಸ್ಟ್ರೀಟ್, ಪಾರ್ಕ್ ಲೇನ್. 1942ರಿಂದ 1945ರವರೆಗೆ ಅದು ಜಪಾನಿಯರ ಕೈಯಲ್ಲಿತ್ತು, ಆಮೇಲೆ ಮತ್ತೆ ಬ್ರಿಟಿಷರದು. ಅವರು ಹೋದ ಮೇಲೆ ಅಧಿಕಾರಿಗಳ ಬಂಗಲೆಗಳು ಬಾಡಿಗೆ ಮನೆಗಳಾದವು. ಬಿಳಿ ಗೋಡೆ, ಕಪ್ಪು ತೊಲೆ, ಗಾಳಿಯಾಡಲು ನೆಲದಿಂದ ಎತ್ತರಿಸಿದ ಮನೆಗಳು. ನಮ್ಮ ಫೋಟೋದಲ್ಲೂ ಆ ತೊಲೆಗಳಿವೆ. ಈಚೆಗೆ ವಿಮಾನ ಉದ್ಯಮಕ್ಕೆ ಜಾಗ ಬೇಕಾಗಿ ಎಷ್ಟೋ ಬಂಗಲೆ ಕೆಡವಿದರು. ಉಳಿದವುಗಳಲ್ಲಿ ಕೆಲವು ಊಟದ ಹೋಟೆಲ್ ಆಗಿವೆ. ಪಿಕಾಡಿಲಿ ರಸ್ತೆ ಇವತ್ತಿಗೂ ಇದೆ!

ಸ್ಕ್ಯಾನ್, ರಿಪೇರಿ, ದೊಡ್ಡ ಪ್ರಿಂಟು, ಫ್ರೇಮು ಎಲ್ಲಾ ಸೇರಿ 1,400 ರೂಪಾಯಿ ತಗೊಂಡರು. ಜಾಸ್ತಿ ಅನ್ನಿಸಲಿಲ್ಲ. ಗಾಜಿಗೆ ಫೋಟೋ ಅಂಟಬಾರದು ಅಂತ ನಡುವೆ ದಪ್ಪ ರಟ್ಟಿನ ಅಂಚು ಕೊಟ್ಟಿದ್ದಾರೆ. ಐದು ದಿನ ಅಂದಿದ್ದು ಒಂಬತ್ತು ದಿನ ಆಯ್ತು, ಅದೊಂದೇ ಬೇಜಾರು. ಬೋರ್ಡಿನ ಮೇಲೆ ಇನ್ನೂ ಸ್ವಲ್ಪ ಕಲೆ ಇದೆ. ಅದನ್ನು ತೆಗೆದರೆ ಅಕ್ಷರವೂ ಹೋಗುತ್ತೆ ಅಂದರು. ಇರಲಿ ಬಿಡಿ ಅಂದೆ.

ಅಜ್ಜಿ ಈ ಸಲ ಏನೂ ಕೇಳಲಿಲ್ಲ. ಸೆರಗಿನಿಂದ ಗಾಜು ಒರೆಸಿ, ಫ್ರೇಮನ್ನು ತಮ್ಮ ಮಂಚದ ಎದುರಿಗೇ ಹಾಕಿಸಿಕೊಂಡರು.

ಹೋಗುವವರು ಒರಿಜಿನಲ್ ಫೋಟೋನೇ ತಗೊಂಡು ಹೋಗಿ. ಮೊಬೈಲ್‌ನಲ್ಲಿ ತೆಗೆದದ್ದು ಕೊಟ್ಟರೆ ಇಂಥ ಅಕ್ಷರ ಸಿಗಲ್ಲ.