ಶೃಂಗೇರಿ: ಅರ್ಧ ದಿನ ಸಾಲದು

ಚಿಕ್ಕಮಗಳೂರಿನಿಂದ ಹೊರಟವರು ತಡಮಾಡಿ ಮಧ್ಯಾಹ್ನ ಎರಡಕ್ಕೆ ತಲುಪಿದರೆ ಶಾರದಾಂಬೆಯ ಬಾಗಿಲು ಹಾಕಿರುತ್ತದೆ, ಸಂಜೆವರೆಗೆ ಕಾಯಬೇಕು. ಘಟ್ಟದ ತಿರುವುಗಳನ್ನು ಲೆಕ್ಕಕ್ಕಿಟ್ಟು ಬೆಳಗಿನ ಬಸ್ಸೇ ಹಿಡಿಯಿರಿ. ಪಂಚೆ, ಶಲ್ಯ ಚೀಲದಲ್ಲಿರಲಿ. ತುಂಗಾ ನದಿಯಾಚೆ ಮಠದ ಗುರುಗಳಿರುವ ನರಸಿಂಹವನದಲ್ಲಿ ಗುರುದರ್ಶನಕ್ಕೆ ಅದೇ ಸರಿಯಾದ ಉಡುಪು.

ವಿದ್ಯಾಶಂಕರ ದೇಗುಲಕ್ಕೆ ಒಂದು ಗಂಟೆಯಾದರೂ ಕೊಡಿ. ಒಂದೊಂದು ರಾಶಿಯ ಚಿಹ್ನೆ ಕೆತ್ತಿದ 12 ರಾಶಿಕಂಬಗಳ ಮೇಲಿನ ಸಿಂಹದ ಬಾಯೊಳಗೆ ಕಲ್ಲಿನ ಗುಂಡು, ಉರುಳುತ್ತದೆ, ಹೊರಬರುವುದಿಲ್ಲ. ಎಂಥ ಕೈಚಳಕ! ಹೆಚ್ಚಿನವರು ಇದನ್ನು ನೋಡದೇ ಮೀನಿಗೆ ಮಂಡಕ್ಕಿ ಹಾಕಲು ಓಡುತ್ತಾರೆ, ಬೇಸರದ ಸಂಗತಿ. ಮಳೆಗಾಲದಲ್ಲಿ ತುಂಗೆ ಮೆಟ್ಟಿಲು ಮುಚ್ಚುತ್ತಾಳೆ, ಪಾಚಿ ಜಾರುತ್ತದೆ, ನೀರಿಗಿಳಿಯಲೇಬೇಡಿ.

ಮಠದ ಊಟ ಉಚಿತ. ಸಾಲಾಗಿ ಕೂರಿಸಿ ಬಿಸಿಬಿಸಿ ಅನ್ನ, ಸಾರು ಬಡಿಸುತ್ತಾರೆ. ಬಡಿಸುವ ವೇಗ ಜೋರು, ಬೇಕಾದಷ್ಟೇ ಹಾಕಿಸಿಕೊಳ್ಳಿ. ಆ ಸಾರಿಗಾಗಿಯೇ ಮತ್ತೆ ಹೋಗಬಹುದು.