ಬೆಂಗಳೂರಲ್ಲಿ ಮನೆಗೆ ಆರ್ಕಿಟೆಕ್ಟ್: ಫೀಸು ಯಾವುದಕ್ಕೆ ಕೊಡಬೇಕು?

30×40 ಸೈಟಿಗೂ ಆರ್ಕಿಟೆಕ್ಟ್ ಬೇಕೇ? ಬೇಕು, ಆದರೆ ಪೂರ್ತಿ ಕೆಲಸಕ್ಕೆ. ಬರೀ ಪ್ಲಾನು, ಬಣ್ಣದ ತ್ರೀಡಿ ಎಲಿವೇಷನ್ ಮಾಡಿಸಿಕೊಂಡು ಮಿಕ್ಕಿದ್ದನ್ನು ಮೇಸ್ತ್ರಿಗೆ ಬಿಡುವುದಾದರೆ ಕೊಟ್ಟ ಫೀಸು ದಂಡ.

ಚದರಡಿ ಲೆಕ್ಕದ ಪ್ಯಾಕೇಜ್ ಕಂಪನಿಗಳಲ್ಲಿ ಡ್ರಾಯಿಂಗ್ ಫ್ರೀ. ಕಟ್ಟುವವರೂ ಅವರೇ, ಸರಿಯಿದೆ ಅನ್ನುವವರೂ ಅವರೇ. ಇದು ನಮಗೆ ಒಪ್ಪಿಗೆಯಾಗದ ವ್ಯವಸ್ಥೆ. ಸಂಪು, ಕಾಂಪೌಂಡು ಆ ದರದೊಳಗೆ ಬರುತ್ತವೆಯೇ ಅಂತಲೂ ಮೊದಲೇ ಬರೆಸಿಕೊಳ್ಳಿ.

1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿದವರು ಮಾತ್ರ ಆರ್ಕಿಟೆಕ್ಟ್ ಅಂತ ಬೋರ್ಡು ಹಾಕಿಕೊಳ್ಳಬಹುದು. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ಕಾಲಮ್, ಬೀಮ್ ಲೆಕ್ಕ ಹಾಕುವ ಸ್ಟ್ರಕ್ಚರಲ್ ಎಂಜಿನಿಯರ್ ಯಾರು, ಅವರ ಫೀಸು ಇದರಲ್ಲೇ ಸೇರಿದೆಯೇ ಅನ್ನುವುದೂ ಮುಖ್ಯ.

ಆಫೀಸಿನ ಯೋಗ್ಯತೆ ತಿಳಿಯಬೇಕಾದರೆ ಅವರ ಹಳೆಯ ಕೆಲಸವೊಂದರ ವರ್ಕಿಂಗ್ ಡ್ರಾಯಿಂಗ್ (ಸೈಟಿನಲ್ಲಿ ನೋಡಿ ಕಟ್ಟುವ, ಅಳತೆಗಳಿರುವ ಡ್ರಾಯಿಂಗ್) ತೆಗೆಸಿ, ಮೆಟ್ಟಿಲು ನೋಡಿ. ನೆಲದಿಂದ ನೆಲಕ್ಕೆ 10 ಅಡಿ 6 ಇಂಚು ಅಂದರೆ 6 ಇಂಚು ಎತ್ತರದ 21 ಮೆಟ್ಟಿಲು. 10 ಇಂಚು ಅಗಲದ ಹೆಜ್ಜೆ, ನಡುವೆ ತಿರುಗಲು 3 ಅಡಿ ಲ್ಯಾಂಡಿಂಗ್ ಇಟ್ಟು ಎರಡು ಸಾಲು ಮಾಡಿದರೂ ಉದ್ದ 11 ಅಡಿ 4 ಇಂಚು ಬೇಕು. ಪ್ಲಾನಿನಲ್ಲಿ 9 ಅಡಿಯೇ ಬಿಟ್ಟಿದ್ದರೆ ಸೈಟಿನಲ್ಲಿ ಮೇಸ್ತ್ರಿ ಮೆಟ್ಟಿಲಿನ ಸಂಖ್ಯೆ ಇಳಿಸುತ್ತಾನೆ, ಎತ್ತರ ಏಳೂವರೆ ಇಂಚು ದಾಟುತ್ತದೆ. ಮನೆಯ ಹಿರಿಯರು ದಿನಾ ಹತ್ತಬೇಕಾದ ಮೆಟ್ಟಿಲದು. ಆಮೇಲೆ ಅದನ್ನು ಒಡೆದು ಸರಿಮಾಡಲು ಆಗುವುದಿಲ್ಲ.

ಬಾತ್‌ರೂಮಿನ ಪೈಪು ಎಲ್ಲಿ ಇಳಿಯುತ್ತದೆ ಅನ್ನುವುದು ಡ್ರಾಯಿಂಗಿನಲ್ಲಿ ಇಲ್ಲದಿದ್ದರೆ ಮೋಲ್ಡ್ (ಸ್ಲ್ಯಾಬಿನ ಕಾಂಕ್ರೀಟ್) ಹಾಕುವಾಗ ಸ್ಲೀವ್, ಅಂದರೆ ಪೈಪು ಹೋಗಲು ದಾರಿ, ಬಿಡುವುದಿಲ್ಲ. ಆಮೇಲೆ ಪ್ಲಂಬರ್ ಬೀಮನ್ನೇ ಕೊರೆಯುತ್ತಾನೆ, ಕಂಬಿಯೂ ಕತ್ತರಿಸಿಹೋಗುತ್ತದೆ. ವರ್ಷದೊಳಗೆ ಕೆಳಗಿನ ಸೀಲಿಂಗ್ ಒದ್ದೆಯಾಗುವುದಕ್ಕೂ ಬಹಳ ಸಲ ಇಂಥ ತೂತೇ ಕಾರಣ.

ಸೈಟಿಗೆ ಎಷ್ಟು ಸಲ ಬರುತ್ತಾರೆ ಅನ್ನುವುದಕ್ಕಿಂತ ಯಾವಾಗ ಬರುತ್ತಾರೆ ಅನ್ನುವುದು ಒಪ್ಪಂದದಲ್ಲಿರಲಿ: ಪಾಯದ ಮಾರ್ಕಿಂಗ್, ಕಾಲಮ್ ಕಂಬಿ, ಪ್ರತಿ ಮೋಲ್ಡಿನ ಹಿಂದಿನ ದಿನ, ಗೋಡೆ ಕೊರೆಯುವ ಮುಂಚೆ. ಮೋಲ್ಡಿನ ಹಿಂದಿನ ದಿನದ ಭೇಟಿಯನ್ನಂತೂ ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ. ಕಂಬಿಯನ್ನು ಎತ್ತಿ ಹಿಡಿಯುವ ಕವರ್ ಬ್ಲಾಕ್ ಇಡದೆ ಅದು ಸೀದಾ ಸೆಂಟ್ರಿಂಗ್ ಶೀಟಿನ ಮೇಲೆ ಕೂತಿದ್ದರೆ ಕಾಂಕ್ರೀಟ್ ಬೀಳುವ ಮೊದಲು ಮಾತ್ರ ಸರಿಪಡಿಸಬಹುದು. ಸ್ಲ್ಯಾಬಿಗೆ 20 ಮಿ.ಮೀ., ಪಾಯಕ್ಕೆ 50 ಮಿ.ಮೀ. ಕವರ್, ಅಂದರೆ ಕಂಬಿಯ ಹೊರಗೆ ಕಾಂಕ್ರೀಟಿನ ದಪ್ಪ, ಇರಬೇಕು.

ಮಂಜೂರಾದ ನಕ್ಷೆ ಒಂದು, ಕಟ್ಟುವುದು ಇನ್ನೊಂದು ಅನ್ನುವ ಆಫೀಸಿನಿಂದ ದೂರವಿರಿ. 1200 ಚದರಡಿ ಸೈಟಿನ ಹೊಸ ಮನೆಗೆ ಜಲಮಂಡಳಿ ಮಳೆನೀರು ಕೊಯ್ಲು ಕಡ್ಡಾಯ ಮಾಡಿದೆ. ಅದೂ ಡ್ರಾಯಿಂಗಿನಲ್ಲಿರಬೇಕು.

ಫೀಸನ್ನು ಹಂತಹಂತವಾಗಿ ಕೊಡಿ. ವರ್ಕಿಂಗ್ ಡ್ರಾಯಿಂಗ್ ಕೈಸೇರುವ ಮುಂಚೆ ಅರ್ಧಕ್ಕಿಂತ ಹೆಚ್ಚು ಬೇಡ. ಗೋಡೆಯೊಳಗೆ ಪೈಪು, ವೈರು ಹೋದ ಜಾಗದ ಅಳತೆ ಸಮೇತ ಡ್ರಾಯಿಂಗ್ ಕೊಟ್ಟ ಮೇಲೆಯೇ ಕೊನೆಯ ಕಂತು ಕೊಡಿ.