ಮಕಾಡೆ ಮಲಗಿ ಓಡಿಸುವ ಎರಡು ಜೆಟ್‌ಗಳು, ನನ್ನ ಮೇಜಿನ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜರ್ಮನಿಯ ಹೆನ್ಷೆಲ್ ಎಚ್‌ಎಸ್ 132ಕ್ಕೆ. ಅಮೆರಿಕದ ನಾರ್ತ್ರಾಪ್ ಎಕ್ಸ್‌ಪಿ-79ಬಿ ನನ್ನ ದುಡ್ಡನ್ನೂ ಜಾಸ್ತಿ ತಿಂದಿತು, ತಾಳ್ಮೆಯನ್ನೂ ತಿಂದಿತು. ಎರಡೂ 1:72 ಅಳತೆಯ, ಅಂದರೆ ಅಸಲಿಯ ಎಪ್ಪತ್ತೆರಡನೇ ಒಂದು ಪಾಲಿನ, ಜೋಡಿಸುವ ಪ್ಲಾಸ್ಟಿಕ್ ಮಾದರಿ ಕಿಟ್‌ಗಳು. ಎರಡರಲ್ಲೂ ಪೈಲಟ್ ಕೂರುವುದಿಲ್ಲ, ಬೋರಲು ಮಲಗುತ್ತಾನೆ.

ಯಾಕೆ ಅಂದರೆ, ಡೈವ್ ಹೊಡೆದ ವಿಮಾನವನ್ನು ಗಕ್ಕನೆ ಮೇಲಕ್ಕೆತ್ತಿದಾಗ ಕೂತವನ ತಲೆಯಿಂದ ರಕ್ತ ಕೆಳಗಿಳಿದು ಕಣ್ಣು ಕತ್ತಲಿಡುತ್ತದೆ. ಮಲಗಿದವನ ತಲೆಯೂ ಎದೆಯೂ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿರುತ್ತವೆ, ತಡೆದುಕೊಳ್ಳುತ್ತಾನೆ. ಹೆನ್ಷೆಲ್ ಡೈವ್ ಬಾಂಬರ್, ಅಂದರೆ ಕೆಳಕ್ಕೆ ಧುಮುಕಿ ಬಾಂಬ್ ಹಾಕುವ ವಿಮಾನ. ಅದಕ್ಕೆ ಈ ಲೆಕ್ಕ ಸರಿ.

ಈಗ ನನ್ನ ಗೋಳು. ನಾರ್ತ್ರಾಪ್ ಅಂದರೆ ಒಂದು ದೊಡ್ಡ ರೆಕ್ಕೆ, ಹಿಂದೆ ನೆಟ್ಟಗೆ ನಿಂತ ಎರಡು ಫಿನ್, ಕೆಳಗೆ ನಾಲ್ಕು ಚಕ್ರ. ಮೂರಲ್ಲ, ನಾಲ್ಕು! ಮೂರು ಚಕ್ರವಾದರೆ ಹೇಗಿಟ್ಟರೂ ನಿಲ್ಲುತ್ತದೆ. ನಾಲ್ಕಾದರೆ ಒಂದು ಗಾಳಿಯಲ್ಲೇ. ಕಾಲಡಿಗೆ ಕಾಗದ ಮಡಚಿಡುವ ಹೋಟೆಲ್ ಮೇಜು ನೋಡಿದ್ದೀರಲ್ವಾ, ಥೇಟ್ ಅದೇ.

ಹಿಂದಿನ ಎಡ ಚಕ್ರ ಮೇಲೆದ್ದಿತ್ತು. ಅದರ ಪಕ್ಕದ್ದನ್ನು ಉಜ್ಜಿದೆ. ಮುಂದಿನ ಬಲಗಡೆಯದು ಎದ್ದಿತು. ಅದಕ್ಕಾಗಿ ಇನ್ನೊಂದನ್ನು ಉಜ್ಜಿದೆ. ರಾತ್ರಿ ಹನ್ನೊಂದಕ್ಕೆ ನೋಡಿದರೆ ಒಂದು ಟೈರು ಪಂಕ್ಚರ್ ಆದ ಹಾಗೆ ಚಪ್ಪಟೆ. ಕೊನೆಗೆ ಎಲ್ಲ ಕಾಲುಗಳನ್ನೂ ಕಿತ್ತು, ಮತ್ತೆ ಅಂಟಿಸಿ, ಅಂಟು ಹಸಿ ಇರುವಾಗಲೇ ಕನ್ನಡಿಯ ಮೇಲೆ ನಿಲ್ಲಿಸಿದೆ. ಆಗಲೂ ಕೂದಲೆಳೆ ಸಂದು ಉಳಿಯಿತು. ಸಮಾಧಾನ ಏನೆಂದರೆ, ಅಸಲಿ ವಿಮಾನಕ್ಕೂ ಚಕ್ರದ್ದೇ ಕಾಟ. ಕ್ಯಾಲಿಫೋರ್ನಿಯಾದ ಮ್ಯೂರಾಕ್‌ನ ಒಣಗಿದ ಕೆರೆಯಲ್ಲಿ ಓಡಿಸಿ ನೋಡುವಾಗ ಟೈರುಗಳು ಸಿಡಿದು ಹಾರಾಟ ತಡವಾಗಿತ್ತಂತೆ.

ಹೆನ್ಷೆಲ್‌ನಲ್ಲೂ ಒಂದು ಕಿರಿಕಿರಿ ಇದೆ. ಮೂತಿಯೆಲ್ಲ ಗಾಜು, ಜೆಟ್ ಎಂಜಿನ್ ಬೆನ್ನ ಮೇಲೆ. ಭಾರ ಹಾಕದಿದ್ದರೆ ಬಾಲದ ಮೇಲೆ ಕೂತುಬಿಡುತ್ತದೆ. ಪೈಲಟ್ ಮಲಗುವ ಹಲಗೆಯ ಕೆಳಗೆ ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡು ತುರುಕಿದೆ. ಹತ್ತು ನಿಮಿಷದ ಕೆಲಸ.

ಎರಡು ಡಬ್ಬಿಯಲ್ಲೂ ಪೈಲಟ್ ಬೊಂಬೆ ಇರಲಿಲ್ಲ. ಹಳೇ ಕಿಟ್‌ನ ಕೂತ ಪೈಲಟ್‌ಗಳ ಸೊಂಟ ಕೊಯ್ದು, ಕಾಲು ನೆಟ್ಟಗೆ ಮಾಡಿ ಮಲಗಿಸಿದೆ. ಭಂಗಿ ನೋಡೋಣ ಅಂತ ಸುಮ್ನೆ ನಾನೂ ಚಾಪೆ ಮೇಲೆ ಎದೆಗೆ ದಿಂಬಿಟ್ಟು ಟಿವಿ ನೋಡಿದೆ. ಕಾಲು ಗಂಟೆಗೆ ಕತ್ತು ಹಿಡಿಯಿತು.

ಅಷ್ಟೇ ಹೊತ್ತು ಎಕ್ಸ್‌ಪಿ-79ಬಿ ಕೂಡ ಹಾರಿದ್ದು. 1945ರ ಸೆಪ್ಟೆಂಬರ್ 12, ಎರಡನೇ ಮಹಾಯುದ್ಧ ಮುಗಿದು ಹತ್ತು ದಿನ. ಸುಮಾರು 15 ನಿಮಿಷಕ್ಕೆ ವಿಮಾನ ಹಿಡಿತ ತಪ್ಪಿ ಉರುಳಿತು. ಪೈಲಟ್ ಹ್ಯಾರಿ ಕ್ರಾಸ್ಬಿ ಹೊರಬಂದರೂ ಬದುಕಲಿಲ್ಲ. ಯೋಜನೆ ಅಲ್ಲಿಗೇ ಮಕಾಡೆ ಮಲಗಿತು. ಹೆನ್ಷೆಲ್ ಹಾರಲೇ ಇಲ್ಲ. ಮೊದಲನೆಯದು ಇನ್ನೇನು ಸಿದ್ಧ ಅನ್ನುವಾಗ ಸೋವಿಯತ್ ಸೇನೆಯ ಕೈಸೇರಿತು. ಬ್ರಿಟಿಷರು 1954ರಲ್ಲಿ ತಮ್ಮ ಮೀಟಿಯರ್ ಜೆಟ್ ಒಂದಕ್ಕೆ ಉದ್ದ ಮೂತಿ ಕೂಡಿಸಿ ಇದೇ ಪ್ರಯೋಗ ಮಾಡಿದರು. ಅದು ಕಾಸ್ಫರ್ಡ್ ಮ್ಯೂಸಿಯಂನಲ್ಲಿದೆ.

ನಾನು ಭಾನುವಾರ ಸಂಜೆ ಮಾತ್ರ ಕೂರುವವನು. ನನ್ನ ಶೋಕೇಸೂ ಚಿಕ್ಕದು. ಹೆನ್ಷೆಲ್ ರೆಕ್ಕೆ ಹತ್ತು ಸೆಂಟಿಮೀಟರ್, ನಾರ್ತ್ರಾಪ್‌ದು ಹದಿನಾರು. ಇನ್ನೊಂದು ಕೊಳ್ಳುವುದಿದ್ದರೆ ಹೆನ್ಷೆಲ್ಲೇ. ನಾರ್ತ್ರಾಪ್‌ನ ಹಿಂದಿನ ಎಡ ಚಕ್ರದಡಿ ಈಗಲೂ ಬಸ್ ಟಿಕೆಟ್‌ನ ಚೂರೊಂದಿದೆ.